ಪದರಗಳ ನಡುವೆ ದಾರಿ ತೋರಿಸುವ ಗೆರೆ: ಸಿ.ಟಿ., ಎಂ.ಆರ್.ಐ. ವೀಕ್ಷಕದಲ್ಲಿ ಸ್ಥಾನಸೂಚಕ ಹೇಗಿರಬೇಕು?

ಪದರಪಟ

ಎಲ್ಲರಿಗೂ ನಮಸ್ಕಾರ. ಅಂಗರಚನಾಶಾಸ್ತ್ರ ಓದುವ ವಿದ್ಯಾರ್ಥಿಗಳಿಗಾಗಿ ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಗಳನ್ನು ಪದರ ಪದರವಾಗಿ ಸರಿಸಿ ನೋಡುವ ಒಂದು ತಂತ್ರಾಂಶವನ್ನು ಪೈಥಾನ್‌ನಲ್ಲಿ ಬರೆಯುತ್ತಿದ್ದೇನೆ. ಪರದೆಯಲ್ಲಿ ನಾಲ್ಕು ಚೌಕಗಳಿವೆ. ದೇಹವನ್ನು ಅಡ್ಡಲಾಗಿ ಸೀಳಿದ ಆಕ್ಸಿಯಲ್ ನೋಟ, ಮುಂದಿನಿಂದ ನೋಡುವ ಕೊರೋನಲ್ ನೋಟ, ಪಕ್ಕದಿಂದ ನೋಡುವ ಸ್ಯಾಜಿಟಲ್ ನೋಟ ಮತ್ತು ಮೂರು ಆಯಾಮದ ಮಾದರಿ.

ಚಿತ್ರಗಳು ಸರಿಯಾಗಿ ಬರುತ್ತಿವೆ. ತೊಡಕಿರುವುದು ನೋಡುವವರು ದಾರಿ ತಪ್ಪುವುದರಲ್ಲಿ. ಆಕ್ಸಿಯಲ್ ನೋಟದಲ್ಲಿ ಮೌಸ್ ಗಾಲಿ ತಿರುಗಿಸುತ್ತಾ ಹೋದ ವಿದ್ಯಾರ್ಥಿಗೆ ಮೂತ್ರಪಿಂಡ ಕಾಣಿಸುತ್ತದೆ, ಆದರೆ ತಾನು ಅದರ ಮೇಲ್ತುದಿಯಲ್ಲಿದ್ದೇನೆಯೋ ಕೆಳತುದಿಯಲ್ಲಿದ್ದೇನೆಯೋ ತಿಳಿಯುವುದಿಲ್ಲ. ಮೂಲೆಯಲ್ಲಿ ‘ಪದರ 212 / 600’ ಎಂಬ ಬರಹವಿದೆ. ಅದನ್ನು ಯಾರೂ ಓದುವುದಿಲ್ಲ, ಓದಿದರೂ ದೇಹದ ಯಾವ ಮಟ್ಟವೆಂದು ಆ ಅಂಕಿ ಹೇಳುವುದಿಲ್ಲ.

ಹಾಗಾಗಿ ಪ್ರತಿಯೊಂದು ಚೌಕದಲ್ಲೂ ಉಳಿದೆರಡು ಪದರಗಳ ಜಾಗವನ್ನು ತೋರಿಸುವ ಗೆರೆಗಳನ್ನು ಎಳೆಯಬೇಕೆಂದಿದ್ದೇನೆ. ಗೆರೆ ಎಳೆಯುವುದು ಸುಲಭ, ನಾಲ್ಕು ಸಾಲಿನ ಕೋಡು. ನನ್ನನ್ನು ಯೋಚನೆಗೆ ಹಚ್ಚಿರುವುದು ಬೇರೆ. ಗೆರೆ ಎಳೆದ ಕ್ಷಣವೇ ನಾವು ನೋಡುವವರಿಗೆ ಮಾತು ಕೊಟ್ಟಂತೆ: ಪಕ್ಕದ ಚೌಕದಲ್ಲಿ ಈಗ ಕಾಣುತ್ತಿರುವ ಚಿತ್ರ ದೇಹದ ಇದೇ ಮಟ್ಟದ್ದು ಎಂದು. ಆ ಮಾತು ಅರ್ಧ ಮಿಲಿಮೀಟರಿನಷ್ಟೂ ತಪ್ಪಬಾರದು, ಅರೆಕ್ಷಣವೂ ತಪ್ಪಬಾರದು. ಬಣ್ಣ, ದಪ್ಪ, ಯಾವಾಗಲೂ ಕಾಣಬೇಕೇ ಬೇಡವೇ, ಎಳೆಯುವಾಗ ಹೇಗೆ ವರ್ತಿಸಬೇಕು, ಈ ಎಲ್ಲವನ್ನೂ ಆ ಅಳತೆಗೋಲಿನಿಂದಲೇ ತೀರ್ಮಾನಿಸಬೇಕೆಂಬುದು ನನ್ನ ಆಸೆ. ಅನುಭವಿಗಳು ದಯವಿಟ್ಟು ತಿಳಿಸಿ.

ಸ್ಕ್ಯಾನ್ ಕೋಣೆ

ಪದರಪಟ ಅವರೇ, ನಾನು ಸಿ.ಟಿ. ತಂತ್ರಜ್ಞೆ. ನೀವು ಕೇಳುತ್ತಿರುವ ಗೆರೆಗಳ ಜೊತೆಯಲ್ಲೇ ನಮ್ಮ ದಿನ ಶುರುವಾಗುತ್ತದೆ. ರೋಗಿಯನ್ನು ಮಲಗಿಸಿದ ಮೇಲೆ ಮೊದಲು ತೆಗೆಯುವುದು ಸ್ಕೌಟ್ ಚಿತ್ರ, ಎಕ್ಸ್‌ರೇಯಂತೆ ಕಾಣುವ ಒಂದು ಚಪ್ಪಟೆ ಚಿತ್ರ. ಎಲ್ಲಿಂದ ಎಲ್ಲಿಯವರೆಗೆ ಸ್ಕ್ಯಾನ್ ಆಗಬೇಕೆಂದು ಅದರ ಮೇಲೆ ಚೌಕಟ್ಟು ಎಳೆದು ಗುರುತಿಸುತ್ತೇವೆ. ಆಮೇಲೆ ಚಿತ್ರ ನೋಡುವ ವೈದ್ಯರಿಗೂ ಅದೇ ಸ್ಕೌಟ್ ಮೇಲೆ ಗೆರೆ ಕಾಣಿಸುತ್ತದೆ. ನಿಮ್ಮ ತಂತ್ರಾಂಶದಲ್ಲೂ ಸ್ಕೌಟ್‌ಗೆ ಒಂದು ಚಿಕ್ಕ ಜಾಗ ಕೊಡಿ. ಹೊಸಬರಿಗೆ ಕೊರೋನಲ್ ನೋಟದ ಗೆರೆಗಿಂತ ಇಡೀ ಹೊಟ್ಟೆ ಕಾಣುವ ಸ್ಕೌಟ್ ಮೇಲಿನ ಗೆರೆ ಬೇಗ ಅರ್ಥವಾಗುತ್ತದೆ.

ಎರಡನೆಯ ಮಾತು. ನೀವು ಗೆರೆ ಎನ್ನುತ್ತಿದ್ದೀರಿ, ಆದರೆ ಪದರಕ್ಕೆ ದಪ್ಪವಿದೆ. 5 ಮಿ.ಮೀ. ದಪ್ಪದ ಪದರವನ್ನು ಕೂದಲೆಳೆಯ ಗೆರೆಯಾಗಿ ತೋರಿಸಿದರೆ ನೋಡುವವರು ಆ ಚಿತ್ರದಲ್ಲಿರುವುದೆಲ್ಲ ಆ ಗೆರೆಯ ಮೇಲಿದೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಗೆರೆಯ ಮೇಲಿನ ಎರಡೂವರೆ ಮತ್ತು ಕೆಳಗಿನ ಎರಡೂವರೆ ಮಿ.ಮೀ. ಸೇರಿದ ಸರಾಸರಿ. ಹಾಗಾಗಿ ನಡುವೆ ಒಂದು ಗೆರೆ, ಅದರ ಎರಡೂ ಬದಿಗೆ ತೆಳು ಬಣ್ಣದ ಪಟ್ಟಿ ಇರಲಿ.

ಆ ಪಟ್ಟಿಯ ಅಗಲವನ್ನು ಎಲ್ಲಿಂದ ತೆಗೆದುಕೊಳ್ಳುತ್ತೀರಿ ಎಂಬುದೂ ಮುಖ್ಯ. ವೈದ್ಯಕೀಯ ಚಿತ್ರಗಳನ್ನು ಉಳಿಸುವ ಡೈಕಾಮ್ ಮಾದರಿಯ ಕಡತದಲ್ಲಿ ಪದರದ ದಪ್ಪ ಒಂದು ಕಡೆ ಇರುತ್ತದೆ, ಪದರಗಳ ನಡುವಿನ ಅಂತರ ಬೇರೆ. ಎಂ.ಆರ್.ಐ.ಯಲ್ಲಿ 5 ಮಿ.ಮೀ. ದಪ್ಪದ ಪದರಗಳ ನಡುವೆ 1 ಮಿ.ಮೀ. ಖಾಲಿ ಬಿಡುವುದು ಸಾಮಾನ್ಯ. ಆ ಖಾಲಿ ಜಾಗದಲ್ಲಿ ಏನಿದೆಯೋ ಯಂತ್ರ ನೋಡಿಯೇ ಇಲ್ಲ. ಸಿ.ಟಿ.ಯಲ್ಲಿ ಇದಕ್ಕೆ ತದ್ವಿರುದ್ಧ, 1 ಮಿ.ಮೀ. ಪದರಗಳನ್ನು 0.7 ಮಿ.ಮೀ. ಅಂತರದಲ್ಲಿ ಒಂದರ ಮೇಲೊಂದು ಹಾಯುವಂತೆ ಕಟ್ಟುತ್ತಾರೆ. ಪಟ್ಟಿಯ ಅಗಲ ದಪ್ಪದಿಂದ ಬರಲಿ, ಪಟ್ಟಿಯ ನೆಗೆತ ಅಂತರದಿಂದ ಬರಲಿ. ಎರಡನ್ನೂ ಒಂದೇ ಎಂದು ಎಣಿಸಿದರೆ ಆ ಖಾಲಿ ಜಾಗ ತುಂಬಿರುವಂತೆ ಕಾಣುತ್ತದೆ.

ತುಂಗಾತೀರ

ನಾನು ಈ ವಿಷಯಕ್ಕೆ ಹೊಸಬ. ಪಕ್ಕದಲ್ಲಿ ಒಂದು ಸ್ಲೈಡರ್ ಇದ್ದರೆ ಅದರ ಗುಂಡಿ ನೋಡಿಯೇ ಎಲ್ಲಿದ್ದೇವೆಂದು ತಿಳಿಯುವುದಿಲ್ಲವೇ? ಚಿತ್ರದ ಮೇಲೆ ಗೆರೆ ಎಳೆದು ಚಿತ್ರವನ್ನೇ ಮುಚ್ಚುವುದು ಏಕೆ?

ಮಲೆನಾಡ ಮಳೆ

ತುಂಗಾತೀರ ಅವರೇ, ಸ್ಲೈಡರ್ ಬೇಕು, ಆದರೆ ಅದೊಂದೇ ಸಾಲದು. 600 ಪದರಗಳಿಗೆ 300 ಪಿಕ್ಸೆಲ್ ಉದ್ದದ ಸ್ಲೈಡರ್ ಇದ್ದರೆ ಮೌಸ್ ಒಂದು ಪಿಕ್ಸೆಲ್ ಸರಿದಾಗ ಎರಡು ಪದರ ಹಾರಿಹೋಗುತ್ತವೆ. ಎಷ್ಟು ನಾಜೂಕಾಗಿ ಎಳೆದರೂ ಅರ್ಧದಷ್ಟು ಪದರಗಳ ಮೇಲೆ ನಿಲ್ಲಲಾಗುವುದಿಲ್ಲ. ಅದಕ್ಕೇ ಗಾಲಿಗೂ ಬಾಣದ ಕೀಲಿಗಳಿಗೂ ಒಂದೊಂದೇ ಪದರ ಸರಿಯುವ ವ್ಯವಸ್ಥೆ ಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಸ್ಲೈಡರ್ ದತ್ತಾಂಶದಲ್ಲಿ ನೀವೆಲ್ಲಿದ್ದೀರಿ ಎನ್ನುತ್ತದೆ, ಗೆರೆ ದೇಹದಲ್ಲಿ ನೀವೆಲ್ಲಿದ್ದೀರಿ ಎನ್ನುತ್ತದೆ.

ಈಗ ಬಣ್ಣಕ್ಕೆ ಬರುತ್ತೇನೆ. ನನ್ನ ಕೆಲಸ ಗ್ರಾಫಿಕ್ಸ್ ಆದ್ದರಿಂದ ಇಲ್ಲಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸಿ.ಟಿ. ಚಿತ್ರದಲ್ಲಿ ಕಪ್ಪು ಗಾಳಿಯಿಂದ ಬಿಳಿ ಮೂಳೆಯವರೆಗೆ ಬೂದಿಯ ಎಲ್ಲ ಮಟ್ಟಗಳೂ ಇರುತ್ತವೆ. ಬಿಳಿ ಗೆರೆ ಮೂಳೆಯ ಮೇಲೆ ಮಾಯವಾಗುತ್ತದೆ, ಕಪ್ಪು ಗೆರೆ ಶ್ವಾಸಕೋಶದಲ್ಲಿ ಮಾಯವಾಗುತ್ತದೆ. ಹಳೆಯ ತಂತ್ರಾಂಶಗಳಲ್ಲಿ ಕೆಳಗಿನ ಪಿಕ್ಸೆಲ್‌ನ ಬೆಲೆಯನ್ನು ತಿರುವುಮುರುವು ಮಾಡಿ ಗೆರೆ ಎಳೆಯುವ ಉಪಾಯವಿತ್ತು. 0 ಇದ್ದಲ್ಲಿ 255, 255 ಇದ್ದಲ್ಲಿ 0. ಕೇಳಲು ಚೆನ್ನಾಗಿದೆ. ಆದರೆ 128 ಇದ್ದಲ್ಲಿ ಸಿಗುವುದು 127. ಎಂದರೆ ನಡುಬೂದಿಯ ಮೇಲೆ ಗೆರೆಯೇ ಇಲ್ಲ. ಹೊಟ್ಟೆಯ ಸಿ.ಟಿ.ಯನ್ನು ಮೃದು ಅಂಗಾಂಶಕ್ಕೆ ಹೊಂದಿಸಿ ನೋಡುವಾಗ ಯಕೃತ್ತು, ಗುಲ್ಮ ಎಲ್ಲ ಬರುವುದು ಸುಮಾರಾಗಿ ಅದೇ ನಡುಬೂದಿಯಲ್ಲಿ. ನೋಡಬೇಕಾದ ಜಾಗದಲ್ಲೇ ಗೆರೆ ಕೈಕೊಡುತ್ತದೆ.

ಹಾಗಾದರೆ ಹಳದಿಯೋ ಹಸಿರೋ ಆರಿಸಿಕೊಂಡರಾಯಿತಲ್ಲ ಎನ್ನಬಹುದು. ಬಣ್ಣದ ಛಾಯೆ ಬೇರೆಯಿದ್ದರೂ ಕಣ್ಣು ತೆಳುವಾದ ಗೆರೆಯನ್ನು ಗುರುತಿಸುವುದು ಬಹುಪಾಲು ಹೊಳಪಿನ ವ್ಯತ್ಯಾಸದಿಂದ. ಪಠ್ಯವಲ್ಲದ ಗುರುತುಗಳಿಗೂ ಹಿನ್ನೆಲೆಗೂ ಕನಿಷ್ಠ 3:1 ಹೊಳಪಿನ ಅನುಪಾತ ಇರಬೇಕೆಂದು ಜಾಲತಾಣಗಳ ಸುಲಭಗ್ರಾಹ್ಯತೆಯ ಮಾರ್ಗಸೂಚಿ ಹೇಳುತ್ತದೆ. ಯಾವ ಬಣ್ಣ ತೆಗೆದುಕೊಂಡರೂ ಅಷ್ಟೇ ಹೊಳಪಿನ ಒಂದು ಬೂದಿ ಇದ್ದೇ ಇರುತ್ತದೆ, ಅಲ್ಲಿ ಅನುಪಾತ 1:1ಕ್ಕೆ ಇಳಿಯುತ್ತದೆ. ಒಂದೇ ಬಣ್ಣದಿಂದ ಈ ಕೆಲಸ ಆಗುವುದಿಲ್ಲ, ಇದು ಲೆಕ್ಕದಿಂದಲೇ ಖಚಿತ.

ಪರಿಹಾರ ಸರಳವಾಗಿದೆ. ಕೆಳಗೆ 3 ಪಿಕ್ಸೆಲ್ ಅಗಲದ ಕಪ್ಪು ಗೆರೆ, ಅದರ ಮೇಲೆ 1 ಪಿಕ್ಸೆಲ್ ಅಗಲದ ಬಣ್ಣದ ಗೆರೆ. ಕಪ್ಪು ಹಿನ್ನೆಲೆಯಲ್ಲಿ ಒಳಗಿನ ಬಣ್ಣ ಕಾಣುತ್ತದೆ, ಬಿಳಿ ಹಿನ್ನೆಲೆಯಲ್ಲಿ ಹೊರಗಿನ ಕಪ್ಪಂಚು ಕಾಣುತ್ತದೆ, ನಡುಬೂದಿಯಲ್ಲಿ ಎರಡೂ ಕಾಣುತ್ತವೆ. ನಕ್ಷೆಗಳಲ್ಲಿ ಊರ ಹೆಸರುಗಳಿಗೆ ಅಂಚು ಕಟ್ಟುವುದೂ ಇದೇ ಕಾರಣಕ್ಕೆ. ಚಿತ್ರವನ್ನು ಹಿಗ್ಗಿಸಿದಾಗ ಗೆರೆ ದಪ್ಪವಾಗಬಾರದು, ಅದು ಪರದೆಯ ಪಿಕ್ಸೆಲ್‌ನಲ್ಲೇ ಉಳಿಯಬೇಕು. ಕಿಟಕಿ, ಗುಂಡಿಗಳನ್ನು ಕಟ್ಟಲು ಬಳಸುವ ಕ್ಯೂಟಿಯಲ್ಲಿ (Qt) ಕಾಸ್ಮೆಟಿಕ್ ಪೆನ್ ಎಂಬುದು ಅದಕ್ಕೇ ಇದೆ. ಆದರೆ ಸ್ಕ್ಯಾನ್ ಕೋಣೆ ಮೇಡಂ ಹೇಳಿದ ದಪ್ಪದ ಪಟ್ಟಿ ಮಾತ್ರ ಚಿತ್ರದ ಜೊತೆಗೇ ಹಿಗ್ಗಬೇಕು, ಏಕೆಂದರೆ ಅದು ದೇಹದ ಅಳತೆ.

ಇನ್ನೊಂದು. ತ್ರೀಡಿ ಸ್ಲೈಸರ್ ತಂತ್ರಾಂಶದಲ್ಲಿ ಆಕ್ಸಿಯಲ್‌ಗೆ ಕೆಂಪು, ಸ್ಯಾಜಿಟಲ್‌ಗೆ ಹಳದಿ, ಕೊರೋನಲ್‌ಗೆ ಹಸಿರು ಎಂಬ ರೂಢಿಯಿದೆ. ಚೌಕದ ಪಟ್ಟಿಯ ಬಣ್ಣವೇ ಇತರ ಚೌಕಗಳಲ್ಲಿ ಆ ಪದರದ ಗೆರೆಯ ಬಣ್ಣ. ಈ ಜೋಡಣೆ ಬಹಳ ಚೆನ್ನಾಗಿದೆ, ಅದನ್ನೇ ಅನುಸರಿಸಿ. ಆದರೆ ಕೆಂಪು ಹಸಿರು ಬೇರ್ಪಡಿಸಿ ನೋಡಲಾಗದವರು ಪ್ರತಿ ತರಗತಿಯಲ್ಲೂ ಇರಬಹುದು. ಒಂದು ಗೆರೆ ಅಖಂಡ, ಇನ್ನೊಂದು ತುಂಡು ತುಂಡು, ಅಂಚಿನಲ್ಲಿ ಪದರದ ಹೆಸರಿನ ಮೊದಲಕ್ಷರ ಎಂದು ಇಟ್ಟರೆ ಬಣ್ಣದ ಮೇಲಿನ ಭಾರ ಕಡಿಮೆಯಾಗುತ್ತದೆ.

ಕಪ್ಪುಬಿಳುಪು

ನಾನು ವಿಕಿರಣಶಾಸ್ತ್ರದ ವೈದ್ಯ. ಮೇಲಿನ ಚರ್ಚೆ ಬಹಳ ಉಪಯುಕ್ತವಾಗಿದೆ, ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಶ್ವಾಸಕೋಶದಲ್ಲಿ 4 ಮಿ.ಮೀ.ನ ಒಂದು ಗಂಟು ಹುಡುಕುತ್ತಿರುವಾಗ ನೋಟದ ನಟ್ಟನಡುವೆ ಎರಡು ಬಣ್ಣದ ಗೆರೆಗಳು, ಅವಕ್ಕೆ ಕಪ್ಪಂಚು ಬೇರೆ ಇದ್ದರೆ, ಗಂಟು ಅವುಗಳ ಅಡಿಯಲ್ಲೇ ಅಡಗಬಹುದು. ನಾವು ಗೆರೆಗಳು ಕೂಡುವ ಬಿಂದುವನ್ನು ಇಡುವುದೇ ಅನುಮಾನ ಬಂದ ಜಾಗದಲ್ಲಿ. ಅಂದರೆ ಅತಿ ಹೆಚ್ಚು ನೋಡಬೇಕಾದ ಜಾಗವೇ ಅತಿ ಹೆಚ್ಚು ಮುಚ್ಚಿಹೋಗುತ್ತದೆ.

ಮೂರು ಬೇಡಿಕೆಗಳಿವೆ. ಗೆರೆಗಳು ಕೂಡುವಲ್ಲಿ ಖಾಲಿ ಬಿಡಿ, ಪರದೆಯ ಲೆಕ್ಕದಲ್ಲಿ ಸುತ್ತಲೂ ಸುಮಾರು 20 ಪಿಕ್ಸೆಲ್. ಒಂದು ಕೀಲಿ ಒತ್ತಿ ಹಿಡಿದಿರುವಷ್ಟು ಹೊತ್ತು ಎಲ್ಲ ಗುರುತುಗಳೂ ಮರೆಯಾಗಲಿ, ಬಿಟ್ಟ ಕೂಡಲೇ ಮರಳಲಿ. ಮೆನುವಿನೊಳಗೆ ಹುಡುಕಿ ಆರಿಸುವ ಆಯ್ಕೆ ಇದ್ದರೆ ಯಾರೂ ಬಳಸುವುದಿಲ್ಲ. ಗಾಲಿ ತಿರುಗಿಸುತ್ತಿರುವ ಚೌಕದಲ್ಲಿ ಗೆರೆಗಳು ಮಂಕಾಗಿರಲಿ, ಉಳಿದ ಚೌಕಗಳಲ್ಲಿ ಗಾಢವಾಗಿರಲಿ. ಕಣ್ಣು ಇರುವ ಚೌಕದಲ್ಲಿ ಬೇಕಾದದ್ದು ಚಿತ್ರ, ಓರೆನೋಟದಲ್ಲಿ ಬೇಕಾದದ್ದು ಸ್ಥಾನ.

ಅಂಕಿಯ ಬಗ್ಗೆಯೂ ಒಂದು ಮಾತು. ‘ಪದರ 212 / 600’ ತೆಗೆಯಬೇಡಿ. ನಾವು ವರದಿಯಲ್ಲಿ ಸರಣಿ 3, ಚಿತ್ರ 87 ಎಂದು ಬರೆಯುತ್ತೇವೆ. ಶಸ್ತ್ರಚಿಕಿತ್ಸಕರು ಆ ಅಂಕಿ ಹಿಡಿದು ಅದೇ ಚಿತ್ರಕ್ಕೆ ಹೋಗಬೇಕು. ಅಲ್ಲಿ ತೋರಿಸಬೇಕಾದದ್ದು ಡೈಕಾಮ್ ಕಡತದೊಳಗಿನ ಚಿತ್ರಸಂಖ್ಯೆ. ನಿಮ್ಮ ಪೈಥಾನ್ ಸೊನ್ನೆಯಿಂದ ಎಣಿಸುವ ಸಂಖ್ಯೆ ಅಲ್ಲಿ ಬೇಡ. ಜೊತೆಗೆ ಅಂಚುಗಳಲ್ಲಿ ಬಲ ಎಡ ತೋರಿಸುವ ಅಕ್ಷರಗಳಿಲ್ಲದೆ ಯಾವ ಗೆರೆಯೂ ಪ್ರಯೋಜನವಿಲ್ಲ. ರೋಗಿಯ ಬಲಭಾಗ ಪರದೆಯ ಎಡಕ್ಕೆ ಬರುವುದು ನಮ್ಮ ರೂಢಿ, ನರವಿಜ್ಞಾನದ ಸಂಶೋಧನಾ ತಂತ್ರಾಂಶಗಳಲ್ಲಿ ಕೆಲವು ಇದಕ್ಕೆ ಉಲ್ಟಾ.

ಪದರಪಟ

ಡಾಕ್ಟರೇ, ನಡುವಿನ ಖಾಲಿ ಜಾಗವನ್ನೂ ಒತ್ತಿ ಹಿಡಿಯುವ ಕೀಲಿಯನ್ನೂ ಇವತ್ತೇ ಸೇರಿಸುತ್ತೇನೆ. ಮಂಕಾಗಿಸುವ ವಿಷಯದಲ್ಲಿ ಮಾತ್ರ ನನ್ನ ಒಪ್ಪಿಗೆ ಅರ್ಧ. ನೀವು ಸಾವಿರಾರು ಸ್ಕ್ಯಾನ್ ನೋಡಿದವರು, ಸ್ಥಾನ ನಿಮ್ಮ ತಲೆಯಲ್ಲೇ ಇದೆ. ಮೊದಲ ವರ್ಷದ ವಿದ್ಯಾರ್ಥಿ ಓರೆನೋಟ ಬಳಸುವುದಿಲ್ಲ, ಅವರ ಕಣ್ಣು ಗಾಲಿ ತಿರುಗಿಸುತ್ತಿರುವ ಚೌಕದಲ್ಲೇ ನೆಟ್ಟಿರುತ್ತದೆ. ಅವರಿಗೆ ಆ ಚೌಕದಲ್ಲೂ ಗೆರೆಗಳು ಗಾಢವಾಗಿಯೇ ಇರಲಿ, ರೋಗನಿರ್ಣಯದ ಬಳಕೆಗೆ ಮಂಕಾಗಲಿ ಎಂದು ಎರಡು ಬಗೆ ಇಡುತ್ತೇನೆ.

ಕಲಿಕೆಗೆ ನಾನು ಬಳಸುತ್ತಿರುವುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ವಿಸಿಬಲ್ ಹ್ಯೂಮನ್ ಯೋಜನೆಯ ದತ್ತಾಂಶ. 1994ರಲ್ಲಿ ಬಿಡುಗಡೆಯಾದ ಪುರುಷ ದೇಹದಲ್ಲಿ 1 ಮಿ.ಮೀ. ಅಂತರದ 1,871 ಅಡ್ಡ ಸೀಳುಗಳಿವೆ. 1995ರ ಸ್ತ್ರೀ ದೇಹದಲ್ಲಿ ಅಂತರ 0.33 ಮಿ.ಮೀ., ಸೀಳುಗಳು 5,189. ಎರಡರಲ್ಲೂ ಗಾಲಿಯ ಒಂದು ಹೆಜ್ಜೆ ಒಂದು ಪದರ ಎಂದಿಟ್ಟರೆ ಸ್ತ್ರೀ ದೇಹದಲ್ಲಿ ಗೆರೆ ಮೂರು ಪಟ್ಟು ನಿಧಾನವಾಗಿ ಸರಿಯುತ್ತದೆ, ವಿದ್ಯಾರ್ಥಿಗಳಿಗೆ ಅದು ಕೆಟ್ಟುನಿಂತಂತೆ ಅನ್ನಿಸುತ್ತದೆ. ಅದಕ್ಕಾಗಿ ಶಿಫ್ಟ್ ಒತ್ತಿ ತಿರುಗಿಸಿದರೆ ಹೆಜ್ಜೆಯನ್ನು ಮಿಲಿಮೀಟರಿನಲ್ಲಿ ಎಣಿಸುವ ಹಾಗೆ ಮಾಡಿದ್ದೇನೆ.

ಅರ್ಧಚಂದ್ರ

ಇಷ್ಟು ಹೊತ್ತು ಎಲ್ಲರೂ ಗೆರೆಯ ನೋಟದ ಬಗ್ಗೆ ಬರೆದಿದ್ದೀರಿ. ಅದನ್ನು ಯಾವ ಜಾಗದಲ್ಲಿ ಎಳೆಯಬೇಕು ಎಂಬುದು ಇನ್ನೂ ಬಂದಿಲ್ಲ. ಪದರಪಟ ಅವರು ಅರ್ಧ ಮಿಲಿಮೀಟರ್ ಎಂದಿದ್ದಾರಲ್ಲ, ಅದನ್ನು ಕಾಪಾಡುವುದು ಇಲ್ಲಿ.

ಒಂದು ಉದಾಹರಣೆ. 120 ಪದರಗಳಿವೆ, ಅಂತರ 5 ಮಿ.ಮೀ., ಮೊದಲ ಪದರದ ಸ್ಥಾನ ಮೈನಸ್ 300 ಮಿ.ಮೀ. ಸೊನ್ನೆಯಿಂದ ಎಣಿಸಿದರೆ 40ನೆಯ ಪದರ ಎಲ್ಲಿದೆ? ಮೈನಸ್ 300ಕ್ಕೆ 200 ಕೂಡಿಸಿ, ಮೈನಸ್ 100 ಮಿ.ಮೀ. ಡೈಕಾಮ್‌ನಲ್ಲಿ ಚಿತ್ರದ ಸ್ಥಾನವೆಂದರೆ, ಮೂರು ಆಯಾಮದ ಪಿಕ್ಸೆಲ್ ಎನ್ನಬಹುದಾದ ಮೊದಲ ವಾಕ್ಸೆಲ್‌ನ ನಡುಬಿಂದು, ಅದರ ಮೂಲೆಯಲ್ಲ. ಆದ್ದರಿಂದ ಮೈನಸ್ 100 ಎಂಬುದು ಪದರದ ನಡುಮಟ್ಟ. ದಪ್ಪವೂ 5 ಮಿ.ಮೀ. ಆಗಿದ್ದರೆ ಪದರ ಹರಡಿರುವುದು ಮೈನಸ್ 102.5ರಿಂದ ಮೈನಸ್ 97.5ರವರೆಗೆ.

ಈಗ ಇದನ್ನು ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಕೋಡು ಸಂಗ್ರಹವಾದ ಪೈಕ್ಯೂಟಿಗ್ರಾಫ್‌ನಲ್ಲಿ ಕೊರೋನಲ್ ಚಿತ್ರದ ಮೇಲೆ ಎಳೆಯಿರಿ. ಅಲ್ಲಿ 40ನೆಯ ಪಿಕ್ಸೆಲ್ 40ರಿಂದ 41ರವರೆಗೆ ಹಬ್ಬಿರುತ್ತದೆ. ಗೆರೆಯನ್ನು 40ರಲ್ಲಿ ಎಳೆದರೆ ಅದು ಬೀಳುವುದು 39 ಮತ್ತು 40ನೆಯ ಪದರಗಳ ಗಡಿಯಲ್ಲಿ, ಅಂದರೆ ಮೈನಸ್ 102.5ರಲ್ಲಿ. ಎರಡೂವರೆ ಮಿಲಿಮೀಟರ್ ತಪ್ಪು. ಪಿಟ್ಯುಟರಿ ಗ್ರಂಥಿಯ ಎತ್ತರ ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ಕಡಿಮೆ. ಅಲ್ಲಿ ಎರಡೂವರೆ ಮಿ.ಮೀ. ಸಣ್ಣದಲ್ಲ. ಅದೇ ಕೋಡನ್ನು ಅಂಥದೇ ಇನ್ನೊಂದು ಸಂಗ್ರಹವಾದ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಒಯ್ದರೆ ಗೆರೆ ಸರಿಯಾಗಿ ಬೀಳುತ್ತದೆ, ಏಕೆಂದರೆ ಅಲ್ಲಿ ಪೂರ್ಣಾಂಕವೇ ಪಿಕ್ಸೆಲ್‌ನ ನಡುಬಿಂದು, 40ನೆಯ ಪಿಕ್ಸೆಲ್ 39.5ರಿಂದ 40.5ರವರೆಗೆ ಇರುತ್ತದೆ. ಒಂದರಲ್ಲಿ ಅರ್ಧ ಕೂಡಿಸಬೇಕು, ಇನ್ನೊಂದರಲ್ಲಿ ಕೂಡಿಸಬಾರದು.

ಇಂಥ ಅರ್ಧಗಳು ಕೋಡಿನ ತುಂಬ ಚೆಲ್ಲಾಡುವುದನ್ನು ತಪ್ಪಿಸಲು ಒಂದೇ ಹಾದಿಯಿದೆ. ಸ್ಥಾನವನ್ನು ಪದರಸಂಖ್ಯೆಯಾಗಿ ಎಲ್ಲಿಯೂ ಸಂಗ್ರಹಿಸಬೇಡಿ. ಮಿಲಿಮೀಟರಿನಲ್ಲಿ ಮೂರು ಅಂಕಿಗಳ ಒಂದೇ ಬಿಂದು ಇರಲಿ. ಆಕ್ಸಿಯಲ್, ಕೊರೋನಲ್, ಸ್ಯಾಜಿಟಲ್, ಸ್ಕೌಟ್, ಮೂರು ಆಯಾಮದ ಮಾದರಿ, ಸ್ಲೈಡರ್, ಮೂಲೆಯ ಬರಹ ಎಲ್ಲವೂ ಅದೇ ಬಿಂದುವಿನಿಂದ ತಂತಮ್ಮ ಲೆಕ್ಕ ಮಾಡಿಕೊಳ್ಳಲಿ. ಎಳೆದಾಗ ಬದಲಾಗುವುದೂ ಆ ಬಿಂದುವೇ. ಪದರಗಳನ್ನು ಕಡತದ ಹೆಸರಿನಿಂದಲೋ ಚಿತ್ರಸಂಖ್ಯೆಯಿಂದಲೋ ಜೋಡಿಸಬೇಡಿ, ಪ್ರತಿ ಪದರದ ಸ್ಥಾನವನ್ನು ಪದರಕ್ಕೆ ಲಂಬವಾದ ದಿಕ್ಕಿನಲ್ಲಿ ಅಳೆದು ಜೋಡಿಸಿ.

ಚಿಹ್ನೆಗಳ ಬಗ್ಗೆಯೂ ಹುಷಾರಾಗಿರಿ. ಡೈಕಾಮ್‌ನಲ್ಲಿ ಅಂಕಿಗಳು ಹೆಚ್ಚುವುದು ರೋಗಿಯ ಎಡಕ್ಕೆ, ಬೆನ್ನಿನ ಕಡೆಗೆ, ತಲೆಯ ಕಡೆಗೆ. ಮಿದುಳಿನ ಸಂಶೋಧನೆಯಲ್ಲಿ ಬಳಸುವ ನಿಫ್ಟಿ ಕಡತಗಳಲ್ಲಿ ಮತ್ತು ತ್ರೀಡಿ ಸ್ಲೈಸರ್‌ನ ಒಳಗೆ ಬಲಕ್ಕೆ, ಮುಂದಕ್ಕೆ, ತಲೆಯ ಕಡೆಗೆ. ಮೊದಲೆರಡು ಅಂಕಿಗಳ ಚಿಹ್ನೆ ತಿರುಗುತ್ತದೆ, ಮೂರನೆಯದು ಹಾಗೆಯೇ ಉಳಿಯುತ್ತದೆ. ಮೇಲೆ ಕೆಳಗೆ ಸರಿಯಾಗಿದ್ದು ಬಲ ಎಡ ಮಾತ್ರ ಅದಲುಬದಲಾದರೆ ಕಣ್ಣಿಗೆ ಸುಲಭವಾಗಿ ಗೊತ್ತಾಗುವುದಿಲ್ಲ, ಮಿದುಳು ಹೆಚ್ಚುಕಡಿಮೆ ಸಮಮಿತವಾಗಿಯೇ ಇರುತ್ತದೆ.

ಸ್ಕ್ಯಾನ್ ಕೋಣೆ

ಅರ್ಧಚಂದ್ರ ಅವರ ಮಾತಿಗೆ ಎರಡು ಸೇರಿಕೆ. ತಲೆಯ ಸಿ.ಟಿ.ಯಲ್ಲಿ ಕಣ್ಣಿಗೆ ವಿಕಿರಣ ತಾಗುವುದನ್ನು ತಗ್ಗಿಸಲು ಯಂತ್ರದ ಬಳೆಯನ್ನು ಓರೆಯಾಗಿಸಿ ತೆಗೆಯುವ ಪದ್ಧತಿಯಿದೆ. ಆಗ ಪದರಗಳು ಓರೆ, ಮೇಜು ಸರಿಯುವುದು ನೇರ. ಪಕ್ಕದ ನೋಟದ ಸ್ಕೌಟ್ ಮೇಲೆ ಗೆರೆ ಓರೆಯಾಗಿಯೇ ಬರಬೇಕು. ಕಡತದಲ್ಲಿ ಪದರದ ದಿಕ್ಕು ದಾಖಲಾಗಿರುತ್ತದೆ, ಅದನ್ನು ಓದದೆ ಅಡ್ಡಗೆರೆ ಎಳೆಯುವ ತಂತ್ರಾಂಶಗಳು ಹಣೆಯ ಹತ್ತಿರ ಸರಿಯಿದ್ದಂತೆ ಕಂಡು ಹಿಂದಲೆಯಲ್ಲಿ ಸೆಂಟಿಮೀಟರುಗಟ್ಟಲೆ ತಪ್ಪುತ್ತವೆ.

ಇನ್ನೊಂದು ಇದಕ್ಕಿಂತ ಗಂಭೀರ. ರೋಗಿ ನಡುವೆ ಎದ್ದು ಕುಳಿತು ಮತ್ತೆ ಮಲಗಿದರೆ ಹಳೆಯ ಸ್ಕೌಟ್‌ಗೂ ಹೊಸ ಪದರಗಳಿಗೂ ಸಂಬಂಧವಿಲ್ಲ. ಅದಕ್ಕೆಂದೇ ಡೈಕಾಮ್‌ನಲ್ಲಿ ಪ್ರತಿ ಸರಣಿಗೂ ಒಂದು ನಿರ್ದೇಶಾಂಕ ಗುರುತು ಇರುತ್ತದೆ. ಎರಡು ಸರಣಿಗಳ ಗುರುತು ಒಂದೇ ಆಗಿದ್ದರೆ ಮಾತ್ರ ಒಂದರ ಗೆರೆಯನ್ನು ಇನ್ನೊಂದರ ಮೇಲೆ ಎಳೆಯಿರಿ. ಇಲ್ಲದಿದ್ದರೆ ಎಳೆಯಲೇಬೇಡಿ, ಅಂದಾಜಿನ ಗೆರೆಯಂತೂ ಬೇಡವೇ ಬೇಡ. ‘ಈ ಎರಡು ಸರಣಿಗಳ ಸ್ಥಾನ ಹೋಲಿಸಲಾಗದು’ ಎಂದು ಚಿಕ್ಕದಾಗಿ ಬರೆದರೆ ಸಾಕು.

ಪದರಪಟ

ಮೇಡಂ, ಈ ಕೊನೆಯ ಮಾತು ನನಗೆ ಹೊಳೆದಿರಲಿಲ್ಲ, ತುಂಬಾ ಧನ್ಯವಾದ. ಅರ್ಧಚಂದ್ರ ಅವರು ಹೇಳಿದ್ದನ್ನು ಪರೀಕ್ಷಿಸಲು ಒಂದು ಕೃತಕ ಘನ ಮಾಡಿಕೊಂಡೆ. ಇಡೀ ಘನ ಕಪ್ಪು, ಒಂದೇ ಒಂದು ವಾಕ್ಸೆಲ್ ಬಿಳಿ, ಮೂರು ದಿಕ್ಕಿನಲ್ಲೂ ಅಂತರ ಬೇರೆ ಬೇರೆ. ಬಿಳಿ ಚುಕ್ಕೆಯನ್ನು ಕ್ಲಿಕ್ಕಿಸಿದಾಗ ಮೂರೂ ಚೌಕಗಳಲ್ಲಿ ಗೆರೆಗಳು ಆ ಚುಕ್ಕೆಯ ನಡುವೆಯೇ ಹಾಯಬೇಕು, 30 ಪಟ್ಟು ಹಿಗ್ಗಿಸಿದಾಗಲೂ. ಬಿಂದುವನ್ನು ಮಿಲಿಮೀಟರಿಗೆ ಬದಲಾಯಿಸಿದ ಮೇಲೆ ಹಾಯುತ್ತಿವೆ. ಅಂತರಗಳು ಒಂದೇ ಇರುವ ಘನದಲ್ಲಿ ಪರೀಕ್ಷಿಸಿದ್ದರೆ ಅಕ್ಷಗಳು ಅದಲುಬದಲಾದರೂ ಸಿಕ್ಕಿಬೀಳುತ್ತಿರಲಿಲ್ಲ, ಹಾಗಾಗಿ ಇದೇ ದಾರಿ ಹಿಡಿಯುವವರು ಮೂರನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ.

ಈಗ ಉಳಿದಿರುವುದು ವೇಗ. ಆಕ್ಸಿಯಲ್ ನೋಟದಲ್ಲಿ ಸ್ಯಾಜಿಟಲ್ ಗೆರೆಯನ್ನು ಹಿಡಿದು ಎಳೆದಾಗ ಗೆರೆ ಮೌಸ್ ಜೊತೆ ಸರಾಗವಾಗಿ ಓಡುತ್ತದೆ, ಸ್ಯಾಜಿಟಲ್ ಚಿತ್ರ ತಡವರಿಸಿಕೊಂಡು ಹಿಂದೆ ಬರುತ್ತದೆ. ಆಕ್ಸಿಯಲ್ ಪದರ ಬದಲಾಯಿಸುವಾಗ ಈ ತೊಂದರೆಯಿಲ್ಲ.

ಮಲೆನಾಡ ಮಳೆ

ಅದು ನಿಮ್ಮ ದತ್ತಾಂಶ ಕಡತದಲ್ಲಿ ಕೂತಿರುವ ರೀತಿಯಿಂದ ಆಗುತ್ತಿದೆ. 512 × 512 × 600 ವಾಕ್ಸೆಲ್, ತಲಾ 2 ಬೈಟ್ ಎಂದರೆ ಸುಮಾರು 31.5 ಕೋಟಿ ಬೈಟ್. ಒಂದು ಆಕ್ಸಿಯಲ್ ಪದರ ಕಡತದಲ್ಲಿ ಒಂದೇ ಕಡೆ ಸಾಲಾಗಿ ಇರುತ್ತದೆ, ಒಮ್ಮೆಗೇ ಓದಬಹುದು. ಸ್ಯಾಜಿಟಲ್ ಪದರಕ್ಕೆ ಪ್ರತಿ ಸಾಲಿನಿಂದ ಒಂದೇ ಒಂದು ವಾಕ್ಸೆಲ್ ಬೇಕು, ಒಂದಕ್ಕೂ ಮುಂದಿನದಕ್ಕೂ 1,024 ಬೈಟ್ ದೂರ. ಕಡತವನ್ನು ಪೂರ್ತಿ ಮೆಮೊರಿಗೆ ತರದೆ ಮ್ಯಾಪ್ ಮಾಡಿ ಓದುತ್ತಿದ್ದೀರಿ ಎಂದು ಕಾಣುತ್ತದೆ. ಕಾರ್ಯವ್ಯವಸ್ಥೆ ಡಿಸ್ಕಿನಿಂದ ತರುವುದು 4,096 ಬೈಟಿನ ಪುಟಗಳಾಗಿ, ಒಂದು ಪುಟದಲ್ಲಿ ನಾಲ್ಕು ಸಾಲು. ಅಂದರೆ ಒಂದೇ ಒಂದು ಸ್ಯಾಜಿಟಲ್ ಪದರಕ್ಕಾಗಿ ಇಡೀ ಕಡತದ ಪ್ರತಿಯೊಂದು ಪುಟವನ್ನೂ ಮುಟ್ಟಬೇಕಾಗುತ್ತದೆ. ಒಂದೋ ಪೂರ್ತಿ ಮೆಮೊರಿಗೆ ತನ್ನಿ, ಇಲ್ಲವೇ 64 × 64 × 64ರ ತುಂಡುಗಳಾಗಿ ಜಾರ್ (Zarr) ಅಥವಾ ಎಚ್‌ಡಿಎಫ್5 ಮಾದರಿಯಲ್ಲಿ ಉಳಿಸಿ. ಆಗ ಮೂರು ದಿಕ್ಕುಗಳಿಗೂ ಹೆಚ್ಚುಕಡಿಮೆ ಒಂದೇ ವೇಗ ಸಿಗುತ್ತದೆ.

ಗೆರೆಯನ್ನು ಚಿತ್ರದ ಮೇಲೆ ಬೇರೆಯದೇ ಹಾಳೆಯಾಗಿ ಇಡಿ, ಅದು ಸರಿದಾಗ ಕೆಳಗಿನ ಚಿತ್ರ ಮತ್ತೆ ಬರೆಯುವಂತಾಗಬಾರದು. ಮೌಸ್‌ನಿಂದ ಬರುವ ಎಲ್ಲ ಚಲನೆಗಳಿಗೂ ಪದರ ಕತ್ತರಿಸಲು ಹೋಗಬೇಡಿ. ಹಿಂದಿನ ಚಿತ್ರ ಸಿದ್ಧವಾಗುವಷ್ಟರಲ್ಲಿ ಬಂದವುಗಳಲ್ಲಿ ಕೊನೆಯದನ್ನು ಮಾತ್ರ ಇಟ್ಟುಕೊಳ್ಳಿ. ಗೆರೆ ಮೌಸ್‌ಗೆ ಅಂಟಿಕೊಂಡಿರಲಿ, ಚಿತ್ರ ಕೊಂಚ ಹಿಂದೆ ಬಂದರೆ ಯಾರಿಗೂ ಬೇಸರವಾಗುವುದಿಲ್ಲ.

ಕಪ್ಪುಬಿಳುಪು

ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಗೆರೆ ಮುಂದೆ ಹೋಗಿ ಚಿತ್ರ ಹಿಂದೆ ಉಳಿದಿರುವ ಆ ಹೊತ್ತಿನಲ್ಲಿ ಪರದೆ ಸುಳ್ಳು ಹೇಳುತ್ತಿರುತ್ತದೆ. ಯಾರೋ ಅದೇ ಕ್ಷಣ ಚಿತ್ರವನ್ನು ಸೆರೆಹಿಡಿದರೆ? ಚಿತ್ರ ಬರುವಾಗ ಜಾಲ ನಿಧಾನವಾಗಿ ಹಿಂದಿನ ಪದರವೇ ಹಲವು ಸೆಕೆಂಡು ಉಳಿದರೆ? ಗೆರೆ ಚಿತ್ರದ ಜೊತೆಗೇ ಸರಿಯಲಿ, ಮೌಸ್‌ಗಿಂತ ಹಿಂದಾದರೂ ಪರವಾಗಿಲ್ಲ.

ಮಲೆನಾಡ ಮಳೆ

ಡಾಕ್ಟರೇ, ಹಿಡಿದದ್ದು ಕೈಯ ಜೊತೆ ಬರದಿದ್ದರೆ ಜನ ಹಿಡಿತ ತಪ್ಪಿತೆಂದು ಬಿಟ್ಟು ಮತ್ತೆ ಹಿಡಿಯುತ್ತಾರೆ. ಅದೂ ಒಂದು ಬಗೆಯ ಸುಳ್ಳೇ.

ಪದರಪಟ

ಇಬ್ಬರ ಮಾತೂ ಸರಿ, ಏಕೆಂದರೆ ನೀವು ಎರಡು ಬೇರೆ ಸ್ಥಾನಗಳ ಬಗ್ಗೆ ಹೇಳುತ್ತಿದ್ದೀರಿ: ಬಳಕೆದಾರರು ಕೇಳಿದ ಸ್ಥಾನ ಮತ್ತು ಪರದೆಯಲ್ಲಿ ತೋರುತ್ತಿರುವ ಸ್ಥಾನ. ಹಾಗಿದ್ದರೆ ಎರಡಕ್ಕೂ ಒಂದೊಂದು ಗೆರೆ ಇರಲಿ. ತುಂಬಿದ ಬಣ್ಣದ ಗೆರೆ ತೋರುತ್ತಿರುವ ಪದರದ್ದು, ಅದು ಚಿತ್ರ ಬದಲಾಗುವ ಅದೇ ಕ್ಷಣದಲ್ಲಿ ಮಾತ್ರ ಸರಿಯುತ್ತದೆ. ಮೌಸ್ ಜೊತೆ ಓಡುವುದು ಚುಕ್ಕಿಗಳ ತೆಳು ಗೆರೆ. ಚಿತ್ರ ಬಂದು ಸೇರಿದ ಕೂಡಲೇ ಎರಡೂ ಒಂದಾಗುತ್ತವೆ. ಮೆಮೊರಿಯಲ್ಲೇ ಇರುವ ದತ್ತಾಂಶಕ್ಕೆ ಚುಕ್ಕಿಗೆರೆ ಕಣ್ಣಿಗೆ ಬೀಳುವುದೇ ಇಲ್ಲ, ದೂರದ ಸರ್ವರ್‌ನಿಂದ ಬರುವ ಚಿತ್ರಗಳಿಗೆ ಮಾತ್ರ ಕಾಣುತ್ತದೆ. ಈಗಷ್ಟೇ ಹಾಕಿ ನೋಡಿದೆ, ಕೈಗೂ ಕಣ್ಣಿಗೂ ಸಮಾಧಾನವಾಗಿದೆ.

ಕಪ್ಪುಬಿಳುಪು

ಇದಕ್ಕೆ ನನ್ನ ಪೂರ್ಣ ಒಪ್ಪಿಗೆ.

ತುಂಗಾತೀರ

ಪದರವನ್ನು ಓರೆಯಾಗಿ ತಿರುಗಿಸಿ ನೋಡಬಹುದೇ? ಬೆನ್ನುಮೂಳೆ ಬಾಗಿರುವಲ್ಲಿ ಅಡ್ಡ ಸೀಳು ಎರಡು ಕಶೇರುಕಗಳ ತುಣುಕುಗಳನ್ನು ಬೆರೆಸಿ ತೋರಿಸುತ್ತದೆ ಎಂದು ಓದಿದ್ದೇನೆ. ಆಗ ಈ ಗೆರೆಗಳು ಏನಾಗುತ್ತವೆ?

ಅರ್ಧಚಂದ್ರ

ಒಳ್ಳೆಯ ಪ್ರಶ್ನೆ. ತಿರುಗಿಸಬಹುದು, ತ್ರೀಡಿ ಸ್ಲೈಸರ್‌ನ 5ನೆಯ ಆವೃತ್ತಿಯಿಂದ ಗೆರೆಯ ಹಿಡಿಕೆಗಳನ್ನೇ ಹಿಡಿದು ತಿರುಗಿಸುವ ಸೌಲಭ್ಯವಿದೆ. ಗೆರೆಯೆಂದರೆ ಎರಡು ಸಮತಲಗಳು ಕೂಡುವ ಜಾಗ. ಅದರ ದಿಕ್ಕು ಸಿಗುವುದು ಎರಡು ಸಮತಲಗಳ ಲಂಬ ಸದಿಶಗಳ ಅಡ್ಡ ಗುಣಲಬ್ಧದಿಂದ (ಕ್ರಾಸ್ ಪ್ರಾಡಕ್ಟ್). ಮೂರೂ ಸಮತಲಗಳು ಒಂದಕ್ಕೊಂದು ಲಂಬವಾಗಿಯೇ ತಿರುಗುವಂತೆ ಕಟ್ಟಿದರೆ ತೊಂದರೆಯಿಲ್ಲ. ಪ್ರತಿ ತಿರುಗುವಿಕೆಯ ಬಳಿಕ ಮೂರು ದಿಕ್ಕುಗಳನ್ನು ಮತ್ತೆ ಲಂಬವಾಗಿಸಿ, ಇಲ್ಲದಿದ್ದರೆ ದಶಮಾಂಶದ ಸಣ್ಣ ತಪ್ಪುಗಳು ಸೇರುತ್ತಾ ಹೋಗಿ ಸಮತಲಗಳು ವಾಲುತ್ತವೆ.

ಬೇರೆ ಬೇರೆಯಾಗಿ ತಿರುಗಲು ಬಿಟ್ಟರೆ ಎರಡು ಸಮತಲಗಳು ಹೆಚ್ಚುಕಡಿಮೆ ಸಮಾಂತರವಾಗುವ ಹೊತ್ತು ಬರುತ್ತದೆ. ಆಗ ಅಡ್ಡ ಗುಣಲಬ್ಧ ಸೊನ್ನೆಯ ಹತ್ತಿರ ಬರುತ್ತದೆ, ಮೌಸ್ ಕೂದಲೆಳೆಯಷ್ಟು ಅಲುಗಿದರೂ ಗೆರೆ ಪರದೆಯ ಈ ತುದಿಯಿಂದ ಆ ತುದಿಗೆ ಹಾರುತ್ತದೆ. ನಡುವಿನ ಕೋನ ಸುಮಾರು 5 ಡಿಗ್ರಿಗಿಂತ ಕೆಳಗಿಳಿದಾಗ ಗೆರೆಯನ್ನು ಮರೆಮಾಡಿ ‘ಪದರಗಳು ಸಮಾಂತರ’ ಎಂದು ಬರೆಯುವುದು ಒಳ್ಳೆಯದು. ಮೂರು ಆಯಾಮದ ಮಾದರಿಯಲ್ಲಿ ಓರೆ ಪದರದ ಚೌಕಟ್ಟು ಆಯತವಾಗಿರಬೇಕಿಲ್ಲ. ಘನಪೆಟ್ಟಿಗೆಯನ್ನು ಸಮತಲವೊಂದು ಕತ್ತರಿಸಿದರೆ ಮೂರರಿಂದ ಆರು ಬದಿಗಳ ಆಕೃತಿ ಬರುತ್ತದೆ. ಅದನ್ನು ಬಲವಂತವಾಗಿ ಆಯತ ಮಾಡಿದರೆ ದತ್ತಾಂಶವೇ ಇಲ್ಲದ ಜಾಗಕ್ಕೆ ಚೌಕಟ್ಟು ಹಾಕಿದಂತಾಗುತ್ತದೆ.

ಸ್ಕ್ಯಾನ್ ಕೋಣೆ

ಸ್ಲೈಡರ್ ಮಾತು ನಡುವೆ ಬಿಟ್ಟುಹೋಯಿತು. ಬೋಧಕರು ಗುರುತು ಹಾಕಿದ ಪದರಗಳಿಗೆ ಸ್ಲೈಡರ್ ಪಕ್ಕದಲ್ಲಿ ಚಿಕ್ಕ ಗೀಟುಗಳಿರಲಿ, ಕ್ಲಿಕ್ಕಿಸಿದರೆ ಅಲ್ಲಿಗೇ ಹೋಗಲಿ. ಗೆರೆ ಹಿಡಿಯುವ ಜಾಗ ಗೆರೆಗಿಂತ ಅಗಲವಾಗಿರಲಿ. ಒಂದು ಪಿಕ್ಸೆಲ್ ಗೆರೆಯನ್ನು ಹಿಡಿಯಲು ಟ್ಯಾಬ್ಲೆಟ್ ಮೇಲೆ ಬೆರಳಿನಿಂದ ಸಾಧ್ಯವೇ ಇಲ್ಲ.

ಪದರಪಟ

ಗೀಟುಗಳನ್ನು ಸೇರಿಸುತ್ತೇನೆ ಮೇಡಂ. ಹಿಡಿಯುವ ಜಾಗಕ್ಕೆ 24 ಪಿಕ್ಸೆಲ್ ಇಟ್ಟಿದ್ದೇನೆ, ಮಲೆನಾಡ ಮಳೆಯವರು ಹೇಳಿದ ಮಾರ್ಗಸೂಚಿಯ 2.2ನೆಯ ಆವೃತ್ತಿ ಕೇಳುವ ಕನಿಷ್ಠ ಅಳತೆ ಅದೇ. ಎರಡು ಗೆರೆಗಳು ಕೂಡುವಲ್ಲಿ ಯಾವುದು ಸಿಗಬೇಕೆಂಬ ಗೊಂದಲಕ್ಕೆ ಡಾಕ್ಟರು ಬಿಡಿಸಿದ ಖಾಲಿ ಜಾಗವೇ ಉತ್ತರವಾಯಿತು: ಅಲ್ಲಿ ಹಿಡಿದರೆ ಎರಡೂ ಸರಿಯುತ್ತವೆ, ಹೊರಗೆ ಹಿಡಿದರೆ ಒಂದೇ.

ಚಿತ್ರ ಸೆರೆಹಿಡಿಯುವ ಬಗ್ಗೆ ಡಾಕ್ಟರು ಎತ್ತಿದ ಮಾತಿಗೆ ಹೀಗೆ ಮಾಡಿದ್ದೇನೆ. ಸೆರೆಹಿಡಿಯುವ ಗುಂಡಿ ಒತ್ತಿದಾಗ ಚುಕ್ಕಿಗೆರೆ ಇನ್ನೂ ಓಡುತ್ತಿದ್ದರೆ ಚಿತ್ರ ಬಂದು ಸೇರುವವರೆಗೆ ತಂತ್ರಾಂಶ ಕಾಯುತ್ತದೆ. ಗೆರೆಯಿಲ್ಲದ ಚಿತ್ರ ಒಂದು, ಗೆರೆಯಿರುವ ಚಿತ್ರ ಇನ್ನೊಂದು ಎಂದು ಎರಡು ಕಡತ ಉಳಿಸುತ್ತದೆ, ಎರಡರ ಅಡಿಯಲ್ಲೂ ಸರಣಿ, ಚಿತ್ರಸಂಖ್ಯೆ ಮತ್ತು ಮಿಲಿಮೀಟರಿನ ಸ್ಥಾನ ಬರೆದಿರುತ್ತದೆ. ಓರೆ ಪದರಗಳಿಗೆ ಚಿತ್ರಸಂಖ್ಯೆ ಎಂಬುದಿಲ್ಲ. ಅಲ್ಲಿ ಬಿಂದುವಿನ ಸ್ಥಾನವನ್ನೂ ಪದರದ ದಿಕ್ಕನ್ನೂ ಬರೆಯುತ್ತೇನೆ, ಆ ಅಂಕಿಗಳನ್ನು ಮತ್ತೆ ಕೊಟ್ಟರೆ ಅದೇ ಪದರ ತೆರೆದುಕೊಳ್ಳುತ್ತದೆ.